ಕಡಲನ್ನು ಓದುವ ಕಣ್ಣು, ಕಡಲನ್ನು ಆಲಿಸುವ ಯಂತ್ರ

ಎರ್ಮಾಳಿನ ಕಡಲಿಗಿಳಿಯುವ ಮೊಗವೀರರು ನೀರಿನ ಬಣ್ಣವನ್ನೂ ಮೇಲಿಂದ ಎರಗುವ ಹಕ್ಕಿಗಳನ್ನೂ ನೋಡಿ ಮೀನಿನ ಹಿಂಡನ್ನು ಗುರುತಿಸುವರು. ಇಂದು ಅದೇ ಕೆಲಸಕ್ಕೆ ‘ಫಿಶ್ ಫೈಂಡರ್’ ಎಂಬ ಯಂತ್ರವೂ ದೊರೆಯುತ್ತದೆ. ಗಾಳ ಹಾಕುವವನು ಯಾವುದನ್ನು ನಂಬಬೇಕು?

ಯಂತ್ರವು ದೋಣಿಯ ತಳದಿಂದ ಶ್ರವಣಾತೀತ ಧ್ವನಿಯನ್ನು ಕೆಳಕ್ಕೆ ಕಳುಹಿಸಿ ಅದರ ಪ್ರತಿಧ್ವನಿಯನ್ನು ಆಲಿಸುತ್ತದೆ. ಕಡಲನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರು. ಪ್ರತಿಧ್ವನಿಯು 0.04 ಸೆಕೆಂಡಿನಲ್ಲಿ ಮರಳಿದರೆ, ಹೋಗಿಬಂದ ದೂರ 60 ಮೀಟರು. ಆಳ ಅದರರ್ಧ, 30 ಮೀಟರು. ಧ್ವನಿಯು 20 ಡಿಗ್ರಿಯ ಶಂಕುವಿನಂತೆ ಹರಡುವುದಾದರೆ, ಆ ಆಳದಲ್ಲಿ ಯಂತ್ರಕ್ಕೆ ನಿಲುಕುವುದು ಸುಮಾರು 10 ಮೀಟರು ಅಗಲದ ವೃತ್ತ ಮಾತ್ರ. ಕಣ್ಣಿಗಾದರೋ ಕಡಲ ವಿಸ್ತಾರವೆಲ್ಲ ತೆರೆದಿದೆ.

ಇನ್ನೊಂದು ಸಂಗತಿಯುಂಟು. ಪ್ರತಿಧ್ವನಿಯನ್ನು ಬಲವಾಗಿ ಹಿಂದಿರುಗಿಸುವುದು ಮೀನಿನ ಒಡಲೊಳಗಿನ ಗಾಳಿಚೀಲ. ಬೂತಾಯಿಗೆ ಅದುಂಟು, ಗಾಳಗಾರನು ಬಯಸುವ ಅಂಜಲಿಗೆ ಅದಿಲ್ಲ. ಆದುದರಿಂದ ಅಂಜಲಿನ ಪ್ರತಿಧ್ವನಿ ಕ್ಷೀಣ. ಆದರೆ ಬೂತಾಯಿಗಳು ಬೆದರಿ ನೀರಿನಿಂದ ಚಿಮ್ಮಿದರೆ, ಅವುಗಳನ್ನು ಅಟ್ಟುವ ಬೇಟೆಮೀನು ಕೆಳಗಿರಬಹುದೆಂದು ಅನುಭವಿಯು ಊಹಿಸಬಲ್ಲನು.

ಎತ್ತ ಸಾಗಬೇಕೆಂಬುದನ್ನು ಕಣ್ಣು ಹೇಳಲಿ. ಗಾಳವನ್ನು ಎಷ್ಟು ಆಳಕ್ಕಿಳಿಸಬೇಕೆಂಬುದನ್ನು ಯಂತ್ರ ಹೇಳಲಿ. ಯಂತ್ರವನ್ನು ಹಣ ತೆತ್ತು ಕೊಳ್ಳಬಹುದು. ನೀರನ್ನು ಓದುವ ವಿದ್ಯೆಯನ್ನು ಹಿರಿಯರೊಡನೆ ಕಡಲಿಗೆ ಹೋಗಿಯೇ ಕಲಿಯಬೇಕು. ಒಂದು ತಲೆಮಾರು ಕಲಿಯದೆ ಬಿಟ್ಟರೆ ಅದನ್ನು ನಾವು ಮರಳಿ ಪಡೆಯಲಾರೆವು.