ಪಿ.ಎಫ್. ಹಣಕ್ಕೆ ಕೈ ಹಾಕುವ ಮುನ್ನ

ಮನೆಯಲ್ಲಿ ಯಾರಿಗೋ ತುರ್ತಾಗಿ ಆಪರೇಶನ್ ಆಗಬೇಕು. ಸೊಸೈಟಿಯಲ್ಲಿ ಸಾಲ ಈಗಾಗಲೇ ಇದೆ, ಚಿನ್ನವೂ ಅಡವಿಗೆ ಹೋಗಿದೆ. ಆಗ ನಿಮಗೆ ನೆನಪಾಗುವುದು ಪ್ರಾವಿಡೆಂಟ್ ಫಂಡಿನ ಹಣ. "ಕೆಲಸ ಬಿಟ್ಟರೆ ಎಲ್ಲವೂ ಒಟ್ಟಿಗೆ ಕೈಗೆ ಬರುತ್ತದಲ್ಲ" ಎಂದು ಯೋಚಿಸುವವರೂ ಉಂಟು. ಸ್ವಲ್ಪ ತಾಳಿ.

ಕೆಲಸದಲ್ಲಿದ್ದುಕೊಂಡೇ ಚಿಕಿತ್ಸೆಗಾಗಿ ಈ ನಿಧಿಯಿಂದ ಮುಂಗಡ ಪಡೆಯಬಹುದು. ಹೆಸರು ಮುಂಗಡವಾದರೂ ಇದು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಖಾತೆ ಮುಚ್ಚುವುದಿಲ್ಲ, ನಿಮ್ಮ ಸೇವೆಯೂ ಕಡಿಯುವುದಿಲ್ಲ. ಆದ್ದರಿಂದ ಕಷ್ಟ ಬಂದಾಗ ಮೊದಲು ತಟ್ಟಬೇಕಾದ ಬಾಗಿಲು ಇದೇ. ಮುಂಗಡದ 13 ಬಗೆಯ ನಿಯಮಗಳನ್ನು ಮೂರು ಗುಂಪುಗಳಿಗೆ ಇಳಿಸಬೇಕು, ಶೇ. 25ರಷ್ಟು ಹಣ ಖಾತೆಯಲ್ಲಿ ಉಳಿಯಬೇಕು ಎಂದು 2025ರ ಅಕ್ಟೋಬರ್‌ನಲ್ಲಿ ನಿಧಿಯ ಕೇಂದ್ರ ಮಂಡಳಿ ತೀರ್ಮಾನಿಸಿತು. ಕೆಲಸ ಬಿಟ್ಟವರು ಪೂರ್ತಿ ಹಣಕ್ಕಾಗಿ ಕಾಯಬೇಕಾದ ಅವಧಿಯನ್ನು 2 ತಿಂಗಳಿಂದ 12 ತಿಂಗಳಿಗೆ ಏರಿಸುವ ತೀರ್ಮಾನವೂ ಆಗಲೇ ಆಯಿತು. ಹಾಗಾಗಿ ರಾಜೀನಾಮೆ ಕೊಟ್ಟ ಕೂಡಲೇ ಆಸ್ಪತ್ರೆಯ ಬಿಲ್ಲು ಕಟ್ಟಬಹುದೆಂದು ನಂಬಬೇಡಿ.

ಇನ್ನು ತೆರಿಗೆ. ಐದು ವರ್ಷಗಳ ನಿರಂತರ ಸೇವೆ ತುಂಬುವ ಮೊದಲೇ ಪೂರ್ತಿ ಹಣ ತೆಗೆದರೆ ಮಾಲಿಕರ ಪಾಲು ಹಾಗೂ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತವೆ. ನಿಮ್ಮ ಪಾಲಿನ ಮೇಲೆ ಹಿಂದೆ ತೆರಿಗೆ ರಿಯಾಯಿತಿ ಪಡೆದಿದ್ದರೆ ಅದೂ ಹಿಂದಕ್ಕೆ ಹೋಗುತ್ತದೆ. ಮೊತ್ತ 50,000 ರೂಪಾಯಿ ಮುಟ್ಟಿದರೆ ಕೈಗೆ ಬರುವ ಮುನ್ನವೇ ಶೇ. 10 ಕಡಿತ. 1,40,000 ರೂ. ಇದ್ದರೆ 14,000 ರೂ. ಅಲ್ಲೇ ಹೋಯಿತು. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ. 20. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗೇ ಇದ್ದರೆ ಘೋಷಣಾ ಪತ್ರ ಸಲ್ಲಿಸಿ ಕಡಿತ ತಪ್ಪಿಸಿಕೊಳ್ಳಬಹುದು. ನಿಮ್ಮ ಸ್ವಂತ ಅನಾರೋಗ್ಯದಿಂದ ಅಥವಾ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಹೋಗಿದ್ದರೆ ಐದು ವರ್ಷದ ಈ ಷರತ್ತು ಅನ್ವಯಿಸುವುದಿಲ್ಲ. ಇದು ಬಹಳ ಮಂದಿಗೆ ಗೊತ್ತೇ ಇಲ್ಲ!

ತೆರಿಗೆಗಿಂತ ದೊಡ್ಡ ನಷ್ಟ ಬಡ್ಡಿಯದ್ದು. 2024-25ರಲ್ಲಿ ಬಡ್ಡಿ ದರ ಶೇ. 8.25 ಇತ್ತು. ಅದೇ ದರ ಮುಂದುವರಿದರೆ ಇಂದಿನ 1 ಲಕ್ಷ ರೂಪಾಯಿ 20 ವರ್ಷಗಳಲ್ಲಿ ಸುಮಾರು 4.88 ಲಕ್ಷವಾಗುತ್ತದೆ.

ಮದುವೆಯಾಗಿ ಅಥವಾ ಹೆರಿಗೆಗೆಂದು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹತ್ತು ವರ್ಷ ಸೇವೆಯಾದರೆ 58ನೇ ವಯಸ್ಸಿಗೆ ಪಿಂಚಣಿ ಉಂಟು. ಅದಕ್ಕೆ ಮೊದಲೇ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಅಷ್ಟು ವರ್ಷಗಳ ಲೆಕ್ಕ ಅಳಿಸಿಹೋಗುತ್ತದೆ. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಮುಂದೆ ಬೇರೆ ಕಡೆ ಕೆಲಸಕ್ಕೆ ಸೇರಿದಾಗ ಹಳೆಯ ಸೇವೆ ಹೊಸದಕ್ಕೆ ಕೂಡುತ್ತದೆ.