ಅಟ್ಲಾಂಟಾ ಅಧ್ಯಯನಗಳು: ಸಣ್ಣ ಕಾಲೇಜೊಂದರ ಸಮಾಜಸಂಶೋಧನೆಯ ವಿಧಾನ ಮತ್ತು ಮಿತಿ

ಸಂಶೋಧನೆ ಎಂದಕೂಡಲೇ ದೊಡ್ಡ ಗ್ರಂಥಾಲಯ, ಹೇರಳವಾದ ಅನುದಾನ, ಬಿಡುವುಳ್ಳ ವಿದ್ವಾಂಸರ ಸಮೂಹ ಮನಸ್ಸಿನಲ್ಲಿ ಮೂಡುವುದು ಸಹಜ. ಪಾಠಪ್ರವಚನವೇ ಪ್ರಧಾನವಾಗಿರುವ ಸಣ್ಣ ಕಾಲೇಜುಗಳಿಗೆ ಸಂಶೋಧನೆ ನಿಲುಕದ ಸಂಗತಿ ಎಂಬ ಗ್ರಹಿಕೆ ಶೈಕ್ಷಣಿಕ ವಲಯದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಈ ಗ್ರಹಿಕೆಯನ್ನು ಪ್ರಶ್ನಿಸುವ ಮಹತ್ವದ ನಿದರ್ಶನವೆಂದರೆ, ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ 1896ರಿಂದ 1914ರವರೆಗೆ ನಡೆದ ಸಾಮಾಜಿಕ ಅಧ್ಯಯನಗಳ ಸರಣಿ. ಹೆಸರಿಗೆ ವಿಶ್ವವಿದ್ಯಾಲಯವಾದರೂ ಆ ಕಾಲಕ್ಕೆ ಅದು ಕಪ್ಪು ಜನರ ಮಕ್ಕಳು ಓದುತ್ತಿದ್ದ, ದಾನಿಗಳ ನೆರವಿನಿಂದ ನಡೆಯುತ್ತಿದ್ದ ಒಂದು ಸಣ್ಣ ಕಾಲೇಜು. ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ಹಳೆಯ ವಿದ್ಯಾರ್ಥಿಗಳು ಸೇರಿ ನಡೆಸಿದ ಈ ಅಧ್ಯಯನಗಳು ತಾವು ಯಾವ ಸಮುದಾಯಕ್ಕೆ ಸೇರಿದ್ದರೋ ಆ ಸಮುದಾಯವನ್ನೇ ಕುರಿತವು. ಅಧ್ಯಯನಕಾರರ ಈ ಸಾಮೀಪ್ಯವು ಸಂಶೋಧನೆಯ ವಸ್ತುನಿಷ್ಠತೆಗೆ ಒದಗಿದ ಕೊರತೆಯಲ್ಲ, ಅದರ ವಿಧಾನಕ್ಕೆ ಆಧಾರವಾದ ಬಲ ಎಂಬುದನ್ನು ಪ್ರಸ್ತುತ ಲೇಖನ ವಿವೇಚಿಸುತ್ತದೆ. ಜೊತೆಗೆ ಆ ಬಲಕ್ಕಿದ್ದ ಮಿತಿಗಳನ್ನೂ ಗುರುತಿಸುತ್ತದೆ.

1. ಹಿನ್ನೆಲೆ

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ 1865ರಲ್ಲಿಯೇ ಅಮೆರಿಕನ್ ಮಿಷನರಿ ಅಸೋಸಿಯೇಷನ್ನಿನ ನೆರವಿನಿಂದ ಈ ಸಂಸ್ಥೆ ಆರಂಭವಾಯಿತು. ಬಿಡುಗಡೆ ಹೊಂದಿದವರ ಮಕ್ಕಳಿಗೆ ಉನ್ನತ ಶಿಕ್ಷಣ ನೀಡುವುದು ಅದರ ಉದ್ದೇಶವಾಗಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಬಿಳಿಯ ಅಧ್ಯಾಪಕರ ಮಕ್ಕಳೂ ಕಪ್ಪು ವಿದ್ಯಾರ್ಥಿಗಳೊಡನೆ ಒಂದೇ ತರಗತಿಯಲ್ಲಿ ಕುಳಿತು ಓದುತ್ತಿದ್ದರು. ಇದನ್ನು ನಿಲ್ಲಿಸಲು ಸಂಸ್ಥೆ ಒಪ್ಪದ ಕಾರಣ 1887ರಲ್ಲಿ ಜಾರ್ಜಿಯಾ ಸರಕಾರ ತಾನು ನೀಡುತ್ತಿದ್ದ ವಾರ್ಷಿಕ 8,000 ಡಾಲರುಗಳ ಅನುದಾನವನ್ನು ತಡೆಹಿಡಿಯಿತು. ಅಟ್ಲಾಂಟಾ ಅಧ್ಯಯನಗಳು ಹುಟ್ಟಿದ್ದು ಇಂತಹ ನಿಲುವಿಗಾಗಿ ಬಡತನವನ್ನು ಒಪ್ಪಿಕೊಂಡ ಸಂಸ್ಥೆಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಆ ಕಾಲದ ಜ್ಞಾನವಲಯದ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 1896ರಲ್ಲಿ ಫ್ರೆಡರಿಕ್ ಹಾಫ್‌ಮನ್ ಎಂಬ, ವಿಮಾ ಸಂಸ್ಥೆಯೊಂದರ ಸಂಖ್ಯಾಶಾಸ್ತ್ರಜ್ಞ, ಅಮೆರಿಕದ ಕಪ್ಪು ಜನರ ಜನಾಂಗೀಯ ಲಕ್ಷಣಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಅವರಲ್ಲಿ ಮರಣಪ್ರಮಾಣ ಹೆಚ್ಚಾಗಿರುವುದಕ್ಕೆ ಬದುಕಿನ ಪರಿಸ್ಥಿತಿ ಕಾರಣವಲ್ಲ, ಜನಾಂಗದ ಸ್ವಭಾವವೇ ಕಾರಣ. ಆದ್ದರಿಂದ ಆ ಜನಾಂಗ ಕ್ರಮೇಣ ಅಳಿದುಹೋಗುತ್ತದೆ ಎಂಬುದು ಅವನ ವಾದ. ಅಂಕಿಅಂಶಗಳ ಹೊದಿಕೆಯಲ್ಲಿ ಬಂದ ಈ ವಾದಕ್ಕೆ ವಿಜ್ಞಾನದ ಮನ್ನಣೆ ದೊರೆಯಿತು. ಹೀಗೆ ಒಂದು ಜನಸಮುದಾಯದ ಸಾವನ್ನು ಅದರ ಹುಟ್ಟಿನಿಂದಲೇ ವಿವರಿಸುವ ವಿದ್ವತ್ತು ಚಾಲ್ತಿಯಲ್ಲಿದ್ದಾಗ, ಅದೇ 1896ರಲ್ಲಿ ಅಟ್ಲಾಂಟಾದ ಮೊದಲ ಸಮ್ಮೇಳನ ನಗರವಾಸಿ ಕಪ್ಪು ಜನರ ಮರಣಪ್ರಮಾಣವನ್ನೇ ತನ್ನ ವಿಷಯವನ್ನಾಗಿ ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ. ಸಂಸ್ಥೆಯ ಅಧ್ಯಕ್ಷ ಹೊರೇಸ್ ಬಮ್‌ಸ್ಟೆಡ್ ಮತ್ತು ವಿಶ್ವಸ್ತರಲ್ಲೊಬ್ಬರಾದ ಜಾರ್ಜ್ ಬ್ರಾಡ್‌ಫರ್ಡ್ ಈ ಸಮ್ಮೇಳನಗಳಿಗೆ ಚಾಲನೆ ನೀಡಿದರು.

2. ವಿಧಾನ: ಒಳಗಿನವರ ಸಾಮೂಹಿಕ ಕ್ಷೇತ್ರಕಾರ್ಯ

1897ರಲ್ಲಿ ಈ ಕಾರ್ಯದ ಹೊಣೆ ಹೊರಲು ನೇಮಕಗೊಂಡವರು ಡಬ್ಲ್ಯೂ. ಇ. ಬಿ. ಡುಬಾಯ್ಸ್. ಕನ್ನಡದ ಓದುಗರಿಗೆ ಅವರು ಹೆಚ್ಚಾಗಿ ಪರಿಚಿತರಾಗಿರುವುದು 1903ರ 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಕೃತಿಯ ಲೇಖಕರಾಗಿ. ಫಿಸ್ಕ್, ಹಾರ್ವರ್ಡ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದ್ದ ಅವರು 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಮೊದಲ ಕಪ್ಪು ವಿದ್ವಾಂಸರು. ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲಿ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದ ಅವರ ಅಧ್ಯಯನ 1899ರಲ್ಲಿ ಗ್ರಂಥವಾಗಿ ಹೊರಬಂದಿತು. ಅದು ಬಹುಮಟ್ಟಿಗೆ ಒಬ್ಬನೇ ವಿದ್ವಾಂಸನ ದುಡಿಮೆ. ಅಟ್ಲಾಂಟಾದಲ್ಲಿ ಅದೇ ದುಡಿಮೆ ಸಾಮೂಹಿಕ ರೂಪ ತಾಳಿತು.

ಡುಬಾಯ್ಸ್ ಹಾಕಿಕೊಂಡ ಯೋಜನೆ ದೀರ್ಘಕಾಲಿಕವಾದದ್ದು. ವರ್ಷಕ್ಕೊಂದರಂತೆ ಹತ್ತು ವಿಷಯಗಳನ್ನು ಅಧ್ಯಯನ ಮಾಡುವುದು. ಹತ್ತು ವರ್ಷಗಳ ಬಳಿಕ ಅದೇ ವಿಷಯಗಳಿಗೆ ಮರಳುವುದು. ಹೀಗೆ ನೂರು ವರ್ಷಗಳ ಕಾಲ ಒಂದು ಸಮುದಾಯದ ಬದುಕಿನ ಚಲನೆಯನ್ನು ದಾಖಲಿಸುವುದು. ವ್ಯಾಪಾರ (1899), ಕಾಲೇಜು ಪದವೀಧರರು (1900), ಸಾರ್ವಜನಿಕ ಶಾಲೆ (1901), ಕುಶಲಕರ್ಮಿಗಳು (1902), ಚರ್ಚು (1903), ಅಪರಾಧ (1904), ಆರೋಗ್ಯ ಮತ್ತು ದೇಹಸ್ಥಿತಿ (1906), ಆರ್ಥಿಕ ಸಹಕಾರ (1907), ಕುಟುಂಬ (1908) ಎಂಬ ಕ್ರಮದಲ್ಲಿ ವರದಿಗಳು ಪ್ರಕಟವಾದವು. ಪದವೀಧರರು, ಶಾಲೆ, ಕುಶಲಕರ್ಮಿಗಳನ್ನು ಕುರಿತ ಅಧ್ಯಯನಗಳು 1910ರಿಂದ ಮತ್ತೊಮ್ಮೆ ನಡೆದವು. ಒಂದೇ ಪ್ರಶ್ನೆಯನ್ನು ಕಾಲಾಂತರದಲ್ಲಿ ಮತ್ತೆ ಕೇಳುವ ಈ ಕ್ರಮ, ಸಮುದಾಯವೊಂದಕ್ಕೆ ಬದಲಾಗದ 'ಸ್ವಭಾವ'ವಿದೆ ಎಂಬ ನಂಬಿಕೆಗೆ ವಿಧಾನದ ಮೂಲಕವೇ ನೀಡಿದ ಉತ್ತರವಾಗಿದೆ.

ಮಾಹಿತಿ ಸಂಗ್ರಹಿಸಿದವರು ಯಾರು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಈ ಕಾಲೇಜಿನಿಂದ ಮತ್ತು ಇಂತಹ ಇತರ ಕಾಲೇಜುಗಳಿಂದ ಪದವಿ ಪಡೆದು ದಕ್ಷಿಣದ ಊರುಗಳಲ್ಲಿ ಶಿಕ್ಷಕರಾಗಿ, ಪಾದ್ರಿಗಳಾಗಿ, ವೈದ್ಯರಾಗಿ ನೆಲೆಸಿದ್ದವರು ಸಂಭಾವನೆಯ ನಿರೀಕ್ಷೆಯಿಲ್ಲದೆ ಪ್ರಶ್ನಾವಳಿಗಳನ್ನು ತುಂಬಿ ಕಳುಹಿಸಿದರು. ತರಗತಿಯಲ್ಲಿದ್ದ ವಿದ್ಯಾರ್ಥಿಗಳು ತಮ್ಮ ನಗರದಲ್ಲಿಯೇ ಕ್ಷೇತ್ರಕಾರ್ಯ ಕೈಗೊಂಡರು. ಚರ್ಚನ್ನು ಕುರಿತ 1903ರ ವರದಿಗಾಗಿ ಅಟ್ಲಾಂಟಾ ನಗರದ ಚರ್ಚುಗಳನ್ನು ಪರಿಶೀಲಿಸಿದವರು ಈ ವಿದ್ಯಾರ್ಥಿಗಳೇ. ಮಾಹಿತಿ ಕಲೆಹಾಕಿದವರು ಆಯಾ ಊರುಗಳಲ್ಲಿಯೇ ಬಾಳುತ್ತಿದ್ದ ಕಪ್ಪು ಜನರಾದ್ದರಿಂದ, ಹೊರಗಿನ ಬಿಳಿಯ ತನಿಖೆಗಾರರಿಗೆ ಎದುರಾಗುವ ಅಡೆತಡೆಗಳು ಅವರಿಗಿರಲಿಲ್ಲ ಎಂಬುದನ್ನು ಆರಂಭದ ವರದಿಗಳೇ ಒತ್ತಿಹೇಳಿದ್ದವು. ಮನೆಯ ಸಾಲ, ಸತ್ತ ಮಕ್ಕಳ ಸಂಖ್ಯೆ, ಬಿಟ್ಟುಹೋದ ಗಂಡ ಇಂತಹ ಸಂಗತಿಗಳನ್ನು ಹೇಳುವವರು ಕೇಳುವವರ ಮೇಲೆ ನಂಬಿಕೆಯಿಟ್ಟೇ ಹೇಳಬೇಕು. ಭಯದ ನೆರಳಿನಲ್ಲಿ ಬದುಕುತ್ತಿದ್ದ ಸಮುದಾಯದಲ್ಲಿ ಆ ನಂಬಿಕೆಗೆ ಸಂಶೋಧನಾ ಮೌಲ್ಯವಿತ್ತು.

ಆದರೆ ಸಾಮೀಪ್ಯವನ್ನೇ ಪ್ರಮಾಣವೆಂದು ಈ ಅಧ್ಯಯನಗಳು ಭಾವಿಸಲಿಲ್ಲ. ಜನಗಣತಿಯ ಅಂಕಿಗಳು, ಸರಕಾರಿ ದಾಖಲೆಗಳು, ಪತ್ರಗಳ ಮೂಲಕ ಪಡೆದ ಉತ್ತರಗಳು, ನೇರ ವೀಕ್ಷಣೆ ಇವುಗಳನ್ನು ಪರಸ್ಪರ ಎದುರಿಟ್ಟು ನೋಡಲಾಯಿತು. ಕುಶಲಕರ್ಮಿಗಳ ಅಧ್ಯಯನದಲ್ಲಿ ಕಪ್ಪು ಕೆಲಸಗಾರರನ್ನು ಮಾತ್ರವಲ್ಲದೆ, ಅವರಿಗೆ ಬಾಗಿಲು ಮುಚ್ಚಿದ್ದ ಕಾರ್ಮಿಕ ಸಂಘಗಳನ್ನೂ ಪ್ರಶ್ನಿಸಲಾಯಿತು. ಅಪರಾಧವನ್ನು ಕುರಿತ ವರದಿಯು ಕೈದಿಗಳನ್ನು ಖಾಸಗಿಯವರಿಗೆ ಬಾಡಿಗೆಗೆ ಕೊಡುತ್ತಿದ್ದ ಜಾರ್ಜಿಯಾದ ಪದ್ಧತಿಯತ್ತ ಗಮನ ಸೆಳೆಯಿತು. ಅಂದರೆ, 'ಸಮಸ್ಯೆ' ಎಂದು ಕರೆಯಲ್ಪಟ್ಟ ಜನರಿಂದ ಆ ಸಮಸ್ಯೆಯನ್ನು ಸೃಷ್ಟಿಸಿದ ವ್ಯವಸ್ಥೆಯ ಕಡೆಗೆ ಪ್ರಶ್ನೆಯ ದಿಕ್ಕು ತಿರುಗಿತು. ಈ ತಿರುವನ್ನು ಸಾಧ್ಯವಾಗಿಸಿದ್ದು ಅಧ್ಯಯನಕಾರರ ನೆಲೆಯೇ ಹೊರತು ಕೇವಲ ಅವರ ತಂತ್ರವಲ್ಲ.

3. ಪ್ಯಾರಿಸ್ ಪ್ರದರ್ಶನದ ಚಿತ್ರಪಟಗಳು

ಅಧ್ಯಾಪಕ ಮತ್ತು ವಿದ್ಯಾರ್ಥಿಗಳ ಜಂಟಿ ದುಡಿಮೆಗೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ 1900ರ ಪ್ಯಾರಿಸ್ ವಿಶ್ವಪ್ರದರ್ಶನಕ್ಕಾಗಿ ಸಿದ್ಧಪಡಿಸಿದ ಅಂಕಿಅಂಶ ಚಿತ್ರಪಟಗಳಲ್ಲಿ ದೊರೆಯುತ್ತದೆ. ಜಾರ್ಜಿಯಾದ ಕಪ್ಪು ಜನರ ಜನಸಂಖ್ಯೆ, ಭೂ ಒಡೆತನ, ಅಕ್ಷರಸ್ಥಿತಿ, ಉದ್ಯೋಗ, ಆಸ್ತಿಯ ಮೌಲ್ಯ ಇವುಗಳನ್ನು ಸುಮಾರು 60 ಪಟಗಳಲ್ಲಿ ಕೈಯಿಂದಲೇ ಬರೆದು, ಗಾಢವಾದ ಬಣ್ಣ ತುಂಬಿ ತೋರಿಸಲಾಯಿತು. ಉದ್ದವಾದ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಹಳ್ಳಿ ಹಾಗೂ ನಗರಗಳ ಜನಸಂಖ್ಯೆಯನ್ನು ಒಂದೇ ನೋಟಕ್ಕೆ ನಿಲುಕುವಂತೆ ಮಾಡಿದ ಪಟ ಇವುಗಳಲ್ಲಿ ಪ್ರಸಿದ್ಧವಾದುದು. ಇವುಗಳನ್ನು ಅಟ್ಲಾಂಟಾ ವಿಶ್ವವಿದ್ಯಾಲಯದ ಮಾರ್ಗದರ್ಶನದಲ್ಲಿ ಕಪ್ಪು ವಿದ್ಯಾರ್ಥಿಗಳು ಸಿದ್ಧಪಡಿಸಿದರೆಂದು ಪಟವೊಂದರ ಮೇಲೆಯೇ ಬರೆಯಲಾಗಿದೆ. ಡುಬಾಯ್ಸ್ ಹಡಗಿನ ಅತ್ಯಂತ ಅಗ್ಗದ ದರ್ಜೆಯಲ್ಲಿ ಪ್ರಯಾಣಿಸಿ ಇವನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರು. ಅವರಿಗೆ ಚಿನ್ನದ ಪದಕ ದೊರೆಯಿತು. ಪಟಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದುಬಂದಿವೆ. 2018ರಲ್ಲಿ ಅವು ಪುಸ್ತಕರೂಪದಲ್ಲಿಯೂ ಪ್ರಕಟವಾದವು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಪದಕ ಬಂದದ್ದು ನಿರ್ದೇಶಕರ ಹೆಸರಿಗೆ. ಗೆರೆ ಎಳೆದು ಬಣ್ಣ ತುಂಬಿದ ಕೈಗಳಿಗೆ 'ವಿದ್ಯಾರ್ಥಿಗಳು' ಎಂಬ ಸಮೂಹನಾಮವಷ್ಟೇ ದಕ್ಕಿತು. ಒಳಗಿನವರ ಸಂಶೋಧನೆಯಲ್ಲಿಯೂ ಶ್ರಮದ ಶ್ರೇಣೀಕರಣ ತಪ್ಪಲಿಲ್ಲ.

4. ಜ್ಞಾನ ಮತ್ತು ಹಿಂಸೆ

ತಿಳಿವಳಿಕೆಯ ಕೊರತೆಯೇ ಜನಾಂಗದ್ವೇಷಕ್ಕೆ ಮೂಲ, ಶಾಸ್ತ್ರೀಯವಾದ ಜ್ಞಾನವೇ ಅದಕ್ಕೆ ಮದ್ದು ಎಂಬುದು ಆರಂಭದಲ್ಲಿ ಡುಬಾಯ್ಸ್ ಅವರ ದೃಢ ನಂಬಿಕೆಯಾಗಿತ್ತು. 1899ರ ಏಪ್ರಿಲ್‌ನಲ್ಲಿ ಈ ನಂಬಿಕೆಗೆ ಪೆಟ್ಟು ಬಿದ್ದಿತು. ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಕಾರನನ್ನು ಅಟ್ಲಾಂಟಾಕ್ಕೆ ಸಮೀಪದ ನ್ಯೂನನ್ ಊರಿನ ಬಳಿ ಗುಂಪೊಂದು ಚಿತ್ರಹಿಂಸೆ ನೀಡಿ ಸುಟ್ಟುಹಾಕಿತು. ಆ ಘಟನೆಯ ಬಗ್ಗೆ ಪತ್ರಿಕೆಗೆ ಸಮತೂಕದ ಪತ್ರವೊಂದನ್ನು ಬರೆದುಕೊಂಡು ಡುಬಾಯ್ಸ್ ನಗರದತ್ತ ನಡೆದರು. ಹತನಾದವನ ಬೆರಳಗಂಟುಗಳನ್ನು ಅದೇ ಬೀದಿಯ ದಿನಸಿ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆಂಬ ಸುದ್ದಿ ದಾರಿಯಲ್ಲಿ ಅವರಿಗೆ ತಲುಪಿತು. ಪತ್ರವನ್ನು ಕೊಡದೆ ಅವರು ಹಿಂದಿರುಗಿದರು. ಮನುಷ್ಯರನ್ನು ಹೀಗೆ ಕೊಲ್ಲುತ್ತಿರುವಾಗ ನಿರ್ಲಿಪ್ತ ವಿಜ್ಞಾನಿಯಾಗಿ ಉಳಿಯಲಾಗದು ಎಂಬ ಅರಿವು ತಮಗಾದುದನ್ನು ಅವರು 1940ರ ಆತ್ಮಕಥನಾತ್ಮಕ ಕೃತಿಯಲ್ಲಿ ದಾಖಲಿಸಿದ್ದಾರೆ.

ಎರಡನೆಯ ಪೆಟ್ಟು ಬಿದ್ದದ್ದು ಆಡಳಿತದಿಂದ. 1906ರಲ್ಲಿ ಅಲಬಾಮಾದ ಲೌಂಡ್ಸ್ ಕೌಂಟಿಯಲ್ಲಿ ಸಹಾಯಕರೊಂದಿಗೆ ಡುಬಾಯ್ಸ್ ಕೇಂದ್ರ ಸರಕಾರದ ಇಲಾಖೆಯೊಂದಕ್ಕಾಗಿ ಭೂಮಿ, ಗೇಣಿ ಮತ್ತು ದುಡಿಮೆಯ ಸಂಬಂಧಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಅದು ರಾಜಕೀಯ ವಿಷಯಗಳನ್ನು ಮುಟ್ಟುತ್ತದೆಂಬ ಕಾರಣದಿಂದ ಪ್ರಕಟವಾಗಲಿಲ್ಲ, ಹಸ್ತಪ್ರತಿಯೇ ನಾಶವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಕಪ್ಪು ಜನರ ಮೇಲೆ ಸಾಮೂಹಿಕ ಹಲ್ಲೆ ನಡೆಯಿತು. ಅಧ್ಯಯನದ ಕ್ಷೇತ್ರವೂ ಬದುಕಿನ ಕ್ಷೇತ್ರವೂ ಒಂದೇ ಆಗಿದ್ದವರಿಗೆ ಕ್ಷೇತ್ರದಿಂದ ಹಿಂದಿರುಗಿ ಹೋಗಲು ಬೇರೊಂದು ಸ್ಥಳವಿರಲಿಲ್ಲ. 1910ರಲ್ಲಿ ಡುಬಾಯ್ಸ್ ಅಧ್ಯಾಪನವನ್ನು ತೊರೆದು ಹೊಸದಾಗಿ ಸ್ಥಾಪನೆಯಾಗಿದ್ದ ನಾಗರಿಕ ಹಕ್ಕುಗಳ ಸಂಘಟನೆಯ 'ದಿ ಕ್ರೈಸಿಸ್' ಪತ್ರಿಕೆಯ ಸಂಪಾದಕರಾದರು. ವರದಿಗಳ ಸರಣಿ 1914ಕ್ಕೆ ಕೊನೆಗೊಂಡಿತು. ನೂರು ವರ್ಷಗಳ ಯೋಜನೆ ಎರಡು ದಶಕಗಳನ್ನೂ ಪೂರೈಸಲಿಲ್ಲ.

ಆದಾಗ್ಯೂ ಈ ದುಡಿಮೆ ನಿಷ್ಫಲವಾಯಿತೆನ್ನಲಾಗದು. ಈ ಸಮ್ಮೇಳನಗಳ ಚರ್ಚೆಯಿಂದ ಪ್ರೇರಿತರಾದ ಮಹಿಳೆಯರು 1905ರಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ಉಚಿತ ಶಿಶುವಿಹಾರಗಳ ಸಂಘವನ್ನು ಕಟ್ಟಿದರು. 1908ರಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ಅವರ ನೇತೃತ್ವದಲ್ಲಿ ಸ್ಥಾಪನೆಯಾದ ನೆರೆಹೊರೆ ಸಂಘ ಮನೆಮನೆಯ ಸಮೀಕ್ಷೆಯನ್ನು ಬೀದಿ, ನೀರು, ಶಾಲೆಗಳ ಬೇಡಿಕೆಗೆ ಆಧಾರವಾಗಿ ಬಳಸಿತು. ಅಧಿಕಾರದ ಕಿವಿಗೆ ಬೀಳದ ಅಂಕಿಅಂಶಗಳು ಓಣಿಯ ಮಹಿಳೆಯರ ಕೈಯಲ್ಲಿ ಹಕ್ಕೊತ್ತಾಯದ ಭಾಷೆಯಾದವು.

5. ಮರೆವು, ಮರುಓದು ಮತ್ತು ಮಿತಿ

ಅಮೆರಿಕದ ಸಮಾಜಶಾಸ್ತ್ರದ ಚರಿತ್ರೆ ಬಹುಕಾಲ ಷಿಕಾಗೋ ವಿಶ್ವವಿದ್ಯಾಲಯವನ್ನೇ ಕ್ಷೇತ್ರಾಧಾರಿತ ಸಮಾಜಸಂಶೋಧನೆಯ ಮೂಲವೆಂದು ಬಿಂಬಿಸಿತು. ಆಲ್ಡನ್ ಮಾರಿಸ್ ಅವರ 2015ರ ಮತ್ತು ಎರ್ಲ್ ರೈಟ್ ಅವರ 2016ರ ಗ್ರಂಥಗಳು ಈ ಚರಿತ್ರೆಯನ್ನು ತಿದ್ದಿ, ಅಟ್ಲಾಂಟಾವನ್ನು ಅಲ್ಲಿನ ಮೊದಲ ಸಮಾಜಶಾಸ್ತ್ರೀಯ ಪಂಥವೆಂದು ಪ್ರತಿಪಾದಿಸಿವೆ. ಮರೆವಿಗೆ ಗುಣಮಟ್ಟದ ಕೊರತೆ ಕಾರಣವಲ್ಲ, ಜನಾಂಗಭೇದ ಕಾರಣ ಎಂಬ ಮಾರಿಸ್ ಅವರ ವಾದ ಜ್ಞಾನದ ಯಜಮಾನಿಕೆಯನ್ನು ಕುರಿತದ್ದಾಗಿದೆ.

ಮರುಓದು ಆರಾಧನೆಯಾಗಬಾರದು. ಮಾಹಿತಿ ಸಂಗ್ರಹಿಸಿದ ಪದವೀಧರರು ಜನಾಂಗದ ದೃಷ್ಟಿಯಿಂದ ಒಳಗಿನವರಾದರೂ ವರ್ಗದ ದೃಷ್ಟಿಯಿಂದ ಬಡ ಗೇಣಿದಾರರಿಗೂ ಅಗಸಗಿತ್ತಿಯರಿಗೂ ದೂರದವರಾಗಿದ್ದರು. ಬಡವರ ಕುಟುಂಬ, ನಡತೆಗಳ ಬಗ್ಗೆ ವರದಿಗಳಲ್ಲಿ ಆಗಾಗ ಕೇಳಿಬರುವ ನೈತಿಕ ತೀರ್ಪಿನ ಧ್ವನಿಗೆ ಈ ಅಂತರವೇ ಕಾರಣವೆನ್ನಬಹುದು. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರ ಅನುಭವವನ್ನು ಇಲ್ಲಿ ಹೋಲಿಕೆಗೆ ತಂದುಕೊಳ್ಳಬಹುದು. ತನ್ನ ಸಮಾಜವನ್ನು ತಾನೇ ಅಧ್ಯಯನ ಮಾಡುವುದರ ಸಾಧ್ಯತೆಗಳನ್ನು ಚರ್ಚಿಸಿದ ಅವರು, 1948ರಲ್ಲಿ ರಾಂಪುರವೆಂದು ಕರೆದ ಹಳ್ಳಿಯಲ್ಲಿ ನಡೆಸಿದ ಕ್ಷೇತ್ರಕಾರ್ಯವನ್ನು ಕುರಿತ 1976ರ ಗ್ರಂಥದಲ್ಲಿ, ಮೇಲುಜಾತಿಯ ನೆಲೆ ತಮ್ಮ ನೋಟವನ್ನು ಹೇಗೆ ಸೀಮಿತಗೊಳಿಸಿತೆಂಬುದನ್ನು ಒಪ್ಪಿಕೊಂಡಿದ್ದಾರೆ. 'ಒಳಗಿನವರು' ಎಂಬ ಪದ ಯಾವ ಬಾಗಿಲಿನ ಒಳಗೆ ಎಂಬ ಪ್ರಶ್ನೆಯನ್ನು ಬೇಡುತ್ತದೆ ಎಂಬುದಕ್ಕೆ ಇವೆರಡೂ ನಿದರ್ಶನಗಳಾಗಿವೆ.

6. ಉಪಸಂಹಾರ

1946ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರ ಮತ್ತು ಭಾರತದ ಅಸ್ಪೃಶ್ಯರ ಸ್ಥಿತಿಗಳಲ್ಲಿರುವ ಸಾಮ್ಯವನ್ನು ಪ್ರಸ್ತಾಪಿಸಿದ್ದರು. ಈ ಸಾಮ್ಯ ನೋವಿನದು ಮಾತ್ರವಲ್ಲ. ಆ ನೋವನ್ನು ಶಾಸ್ತ್ರೀಯವಾಗಿ ದಾಖಲಿಸುವ ಅಧಿಕಾರ ಯಾರದೆಂಬ ಪ್ರಶ್ನೆಯದೂ ಹೌದು. ಕನ್ನಡದಲ್ಲಿ ಜಾನಪದ, ಉಪಭಾಷೆ, ಸಮುದಾಯಗಳನ್ನು ಕುರಿತ ಕ್ಷೇತ್ರಕಾರ್ಯದಲ್ಲಿ ತೊಡಗುವ ವಿದ್ಯಾರ್ಥಿಗಳಲ್ಲಿ ಅನೇಕರು ಅದೇ ಊರು, ಅದೇ ಕೇರಿಗಳಿಂದ ಬಂದವರು. ಅವರ ಸಾಮೀಪ್ಯವನ್ನು ಮುಜುಗರದ ವಿಷಯವಾಗಿಸದೆ ಪರೀಕ್ಷೆಗೊಡ್ಡಬಹುದಾದ ವಿಧಾನವಾಗಿ ಬೆಳೆಸಲು ಅಟ್ಲಾಂಟಾ ಅಧ್ಯಯನಗಳಲ್ಲಿ ಮೂರು ಪಾಠಗಳಿವೆ: ಒಂದೇ ವಿಷಯಕ್ಕೆ ಕಾಲಾಂತರದಲ್ಲಿ ಮರಳುವುದು, ಹತ್ತಿರದವರ ಹೇಳಿಕೆಯನ್ನೂ ಬೇರೆ ಆಕರಗಳ ಎದುರಿಟ್ಟು ನೋಡುವುದು, ಪ್ರಶ್ನೆಯನ್ನು ಜನರಷ್ಟೇ ವ್ಯವಸ್ಥೆಗೂ ಕೇಳುವುದು. ಅಟ್ಲಾಂಟಾ ಪೂರ್ಣವಾಗಿ ಕಲಿಸದೆ ಉಳಿಸಿದ ನಾಲ್ಕನೆಯ ಪಾಠವೂ ಒಂದಿದೆ. ಮಾಹಿತಿ ಸಂಗ್ರಹಿಸಿದ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಗ್ರಂಥದಲ್ಲಿ ಅಚ್ಚುಮಾಡುವುದೇ ಆ ಪಾಠ.