ಹೊಸ ಟೈರು ಹಾಕಿಸುವಾಗ ಒಳಗಿನ ಸೆನ್ಸರ್ ಮರೆಯಬೇಡಿ

ಕಾರಿಗೆ ಹೊಸ ಟೈರು ಹಾಕಿಸುವಾಗ ನಾವು ಕೇಳುವುದು ಎರಡೇ ಪ್ರಶ್ನೆ. ರೇಟೆಷ್ಟು? ಎಷ್ಟು ಕಿಲೋಮೀಟರ್ ಬರ್ತದೆ? ಈಚಿನ ಕಾರಾದರೆ ಮೂರನೆಯದನ್ನೂ ಕೇಳಬೇಕು: "ಚಕ್ರದೊಳಗೆ ಸೆನ್ಸರ್ ಇದೆ, ಅದರ ವಾಷರ್ ಬದಲಿಸ್ತೀರಾ?" ಕೇಳದೇ ಹೋದರೆ ಹೊಸ ಟೈರಿನಿಂದಲೂ ಗಾಳಿ ಇಳಿಯಬಹುದು. ಕೆಲವು ಸಾವಿರ ಬೆಲೆಯ ಸೆನ್ಸರ್ ಅಂಗಡಿಯಲ್ಲೇ ಮುರಿಯಲೂಬಹುದು.

ಏನಿದು?

ಟೈರಿನ ಗಾಳಿ ಇಳಿದರೆ ಮೀಟರಿನಲ್ಲಿ ದೀಪ ಹೊತ್ತಿಸುವ ವ್ಯವಸ್ಥೆಗೆ ಟಿಪಿಎಂಎಸ್ ಎಂದು ಹೆಸರು. ಅಮೆರಿಕದಲ್ಲಿ ಟೈರು ಕಿತ್ತು ಕಾರುಗಳು ಮಗುಚಿ ಬಹಳ ಜನ ಸತ್ತ ಮೇಲೆ, 2000ದಲ್ಲಿ ಇದಕ್ಕಾಗಿ ಕಾನೂನು ಬಂತು. ನಮ್ಮಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮ ತಿದ್ದಿದರು. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಈ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ರಾತ್ರಿ ಹೊತ್ತು ಘಾಟಿ ಇಳಿಯುವವನಿಗೆ ಈ ದೀಪವೇ ಆಸರೆ.

ಇದರಲ್ಲಿ ಎರಡು ಜಾತಿ. ಒಂದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರ ಉಳಿದವಕ್ಕಿಂತ ತುಸು ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರ್ ಅದನ್ನು ಲೆಕ್ಕ ಹಿಡಿಯುತ್ತದೆ. ಇಂಥ ಕಾರಿಗೆ ಹೊಸ ಟೈರು ಹಾಕಿ, ಸರಿಯಾಗಿ ಗಾಳಿ ತುಂಬಿ, ರೀಸೆಟ್ ಮಾಡಿದರೆ ಮುಗಿಯಿತು.

ಇನ್ನೊಂದರಲ್ಲಿ ಪ್ರತಿ ವಾಲ್ವಿನ ಬುಡಕ್ಕೆ, ರಿಮ್ಮಿನ ಒಳಗೆ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಹೆಚ್ಚುಕಡಿಮೆ ಗಾತ್ರದ ಸೆನ್ಸರ್ ಕೂತಿರುತ್ತದೆ. ಒತ್ತಡ ಅಳೆದು ರೇಡಿಯೋ ಮೂಲಕ ಕಳಿಸುತ್ತದೆ. ಮೀಟರಿನಲ್ಲಿ ಒಂದೊಂದು ಚಕ್ರದ ಗಾಳಿ ಅಂಕಿಯಲ್ಲಿ ಕಾಣುತ್ತಿದ್ದರೆ ಸಾಮಾನ್ಯವಾಗಿ ಈ ಜಾತಿ. ವಾಲ್ವ್ ರಬ್ಬರಿನದ್ದೆಂದು ಒಳಗೆ ಸೆನ್ಸರ್ ಇಲ್ಲ ಅಂದುಕೊಳ್ಳಬೇಡಿ. ಕಾರಿನ ಕೈಪಿಡಿ ನೋಡಿ. ಮುಂದಿನ ಮಾತೆಲ್ಲ ಈ ಜಾತಿಯದ್ದು.

ಬದಲಿಸಬೇಕಾದ್ದು ಯಾವುದು?

ಡ್ರಿಪ್ ಪೈಪಿನ ಗ್ರೊಮೆಟ್ ಒಮ್ಮೆ ಕಿತ್ತು ಮತ್ತೆ ಅದನ್ನೇ ಹಾಕಿದರೆ ನೀರು ಜಿನುಗುವುದು ನಮಗೆಲ್ಲ ಗೊತ್ತು. ಇಲ್ಲೂ ಹಾಗೇ. ಲೋಹದ ವಾಲ್ವಿನ ಬುಡದ ರಬ್ಬರು ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ. ಹಾಗಾಗಿ ಟೈರು ಬಿಚ್ಚಿದಾಗಲೆಲ್ಲ ರಬ್ಬರು ಗ್ರೊಮೆಟ್, ವಾಷರ್, ನಟ್ಟು, ವಾಲ್ವಿನೊಳಗಿನ ಪಿನ್ನು, ಕ್ಯಾಪು ಇಷ್ಟನ್ನೂ ಹೊಸದು ಹಾಕಬೇಕು. ಸರ್ವಿಸ್ ಕಿಟ್ ಅಂತ ಒಟ್ಟಿಗೇ ಸಿಗುತ್ತದೆ. ಸೆನ್ಸರಿನ ಬೆಲೆಯ ಮುಂದೆ ಇದರ ಖರ್ಚು ಏನೂ ಅಲ್ಲ. ರಬ್ಬರು ವಾಲ್ವಿನ ಸೆನ್ಸರಾದರೆ ವಾಲ್ವನ್ನೇ ಹೊಸದು ಹಾಕಿಸಿ.

ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಪಿನ್ನೇ ಆಗಬೇಕು. ಬರೀ ಹಿತ್ತಾಳೆಯದ್ದು ಹಾಕಿದರೆ ಎರಡು ಲೋಹ ತೇವದಲ್ಲಿ ಒಂದನ್ನೊಂದು ತಿಂದು ಕಚ್ಚಿಕೊಳ್ಳುತ್ತವೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇನ್ನೂ ಬೇಗ. ಆಮೇಲೆ ಬಿಚ್ಚಲು ಹೋದರೆ ವಾಲ್ವೇ ಮುರಿದು ಬರುತ್ತದೆ. ಅಂದಕ್ಕೆ ಹಾಕುವ ಲೋಹದ ಕ್ಯಾಪೂ ಬೇಡ. ಪ್ಲಾಸ್ಟಿಕ್ಕಿನದ್ದೇ ಒಳ್ಳೆಯದು.

ಕೆಲಸ ಶುರುವಾಗುವ ಮೊದಲೇ ಹೇಳಿ

* ಟೈರಿನ ಅಂಚು ಬಿಡಿಸುವಾಗ ಯಂತ್ರದ ಹಲಗೆ ವಾಲ್ವಿನ ಹತ್ತಿರ ಒತ್ತಬಾರದು. ಲಿವರ್, ಸುತ್ತಿಗೆ ಅಲ್ಲಿ ಬೀಳಬಾರದು.
* ನಟ್ಟನ್ನು ಕಂಪೆನಿ ಹೇಳಿದ ಅಳತೆಗೆ, ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಯಬೇಕು. ಕೈಬಲ ತೋರಿಸಿದರೆ ವಾಲ್ವ್ ಬಿರಿಯುತ್ತದೆ.
* ಪಂಕ್ಚರ್ ತಡೆಯುವ ದ್ರಾವಣ ಸುರಿಯಬಾರದು. ಸೆನ್ಸರಿನ ಸಣ್ಣ ತೂತು ಕಟ್ಟಬಹುದು. ದಾರಿಯಲ್ಲಿ ಅನಿವಾರ್ಯವಾಗಿ ಹಾಕಿದ್ದರೆ ಟೈರು ಬಿಚ್ಚಿದಾಗ ಹೇಳಿ, ಒರೆಸಿಸಿ.
* ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಹಾಕಿಬಿಡುವ ರೂಢಿ ಇದೆ. ಹಾಗೆ ಮಾಡಲು ಸೆನ್ಸರ್ ಕಿತ್ತೇ ಆಗಬೇಕು. ಬೇಡ ಅನ್ನಿ.

ಬ್ಯಾಟರಿ ಲೆಕ್ಕ

ಸೆನ್ಸರಿನ ಬ್ಯಾಟರಿ ಅಂಟಿನಲ್ಲಿ ಹುದುಗಿರುತ್ತದೆ, ಅದೊಂದನ್ನೇ ಬದಲಿಸಲು ಬರುವುದಿಲ್ಲ. ಸಾಮಾನ್ಯ ಬಾಳಿಕೆ 5ರಿಂದ 10 ವರ್ಷ. ಕಾರಿಗೆ ಎಂಟು ವರ್ಷ ಆಗಿದ್ದು, ಈಗ ಹಾಕುವ ಟೈರು ಇನ್ನೂ ನಾಲ್ಕೈದು ವರ್ಷ ಓಡುವುದಾದರೆ ಸೆನ್ಸರನ್ನೂ ಈಗಲೇ ಬದಲಿಸುವುದು ಲಾಭ. ಇಲ್ಲವಾದರೆ ನಡುವೆ ಮತ್ತೆ ಟೈರು ಬಿಚ್ಚುವ ಕೂಲಿ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಇದನ್ನು ಮುಖ್ಯವಾಗಿ ನೋಡಬೇಕು. ಬದಲಿ ಸೆನ್ಸರ್ ನಿಮ್ಮ ಮಾಡೆಲಿನದ್ದೇ ಇರಲಿ. ಅಮೆರಿಕದ ಹೆಚ್ಚಿನ ಕಾರುಗಳದ್ದು 315, ಯುರೋಪಿನದ್ದು 433 ಮೆಗಾಹರ್ಟ್ಸ್. ಒಂದರ ಮಾತು ಇನ್ನೊಂದಕ್ಕೆ ಕೇಳಿಸದು.

ಅಂಗಡಿ ಬಿಡುವ ಮುನ್ನ

ವಾಲ್ವಿನ ಬುಡಕ್ಕೆ ಸಾಬೂನು ನೀರು ಹಾಕಿ ಗುಳ್ಳೆ ನೋಡಿ. ಹೊಸ ಸೆನ್ಸರ್ ಹಾಕಿದ್ದರೆ, ಅಥವಾ ಚಕ್ರಗಳನ್ನು ಅದಲುಬದಲು ಮಾಡಿದ್ದರೆ, ಕಾರಿಗೆ ಅದನ್ನು ಪರಿಚಯ ಮಾಡಿಸಬೇಕು. ಕೆಲವು ಕಾರು ಸ್ವಲ್ಪ ಓಡಿಸಿದಾಗ ತಾನೇ ಕಲಿಯುತ್ತದೆ. ಕೆಲವಕ್ಕೆ ಉಪಕರಣ ಬೇಕು. ದೀಪ ಒಂದೇ ಸಮ ಉರಿದರೆ ಗಾಳಿ ಕಡಿಮೆ. ಹೆಚ್ಚಿನ ಕಾರುಗಳಲ್ಲಿ, ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಉರಿದರೆ ವ್ಯವಸ್ಥೆಯಲ್ಲೇ ತೊಂದರೆ ಎಂದರ್ಥ.

ದೀಪ ಇದೆ ಅಂತ ಗೇಜು ಬಿಡಬೇಡಿ. ಅಮೆರಿಕದ ನಿಯಮದಂತೆ ಗಾಳಿ ಶೇ. 25 ಇಳಿದಾಗ ದೀಪ ಹೊತ್ತಿದರೆ ಸಾಕು. 32 ಇರಬೇಕಾದಲ್ಲಿ 24ಕ್ಕೆ ಬರುವವರೆಗೂ ಸುಮ್ಮನಿರಬಹುದು! ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ತುಂಬಿಸಿದ ಕಾರಿಗೆ ಇಷ್ಟು ಇಳಿತ ಅಪಾಯ. ತಿಂಗಳಿಗೊಮ್ಮೆ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಗೇಜು ಹಿಡಿದು ನೋಡಿ. ಭಾರ ಹೇರುವಾಗ ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲಿನ ಬದಿಯ ಚೀಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ.